ಅಂಬೋಸೆಲಿಯ ಉದ್ದ ದಂತದ ಸಲಗ

ನೈರೋಬಿಗೆ ಕೆಲಸಕ್ಕೆ ಬಂದ ಮೇಲೆ ಇಲ್ಲಿನ ಕನ್ನಡದ ಗೆಳೆಯರೆಲ್ಲ ಹೇಳಿದ್ದು ಒಂದೇ, ಮೊದಲು ಮಸಾಯಿ ಮಾರಾ ನೋಡಿ ಬಾ ಅಂತ. ನನಗೆ ಕೀನ್ಯಾದ ಇನ್ನೊಂದು ರಾಷ್ಟ್ರೀಯ ಉದ್ಯಾನ ಅಂಬೋಸೆಲಿಗೇ ಹೋಗಬೇಕಿತ್ತು. ಕಬಿನಿ ಹಿನ್ನೀರಿನ ದಂಡೆಯಲ್ಲಿ ನೆಲ ಮುಟ್ಟುವಂಥ ದಂತದ ಸಲಗ ಭೋಗೇಶ್ವರನನ್ನು ಕಣ್ಣಾರೆ ಕಂಡವನು ನಾನು. ಅವನು 2022ರಲ್ಲಿ ವಯಸ್ಸಾಗಿ ಸತ್ತ. ಅಂಥ ಉದ್ದ ದಂತದ ಆನೆಗಳು ಆಫ್ರಿಕಾದಲ್ಲಿ ಈಗ ಉಳಿದಿರುವುದು ಕೆಲವೇ ಜಾಗಗಳಲ್ಲಿ. ಅದರಲ್ಲಿ ಅಂಬೋಸೆಲಿ ಒಂದು.

ಎಮಾಲಿ ದಾಟಿ ಕಿಮಾನಾ ಗೇಟಿನ ಮೂಲಕ ಬೆಳಿಗ್ಗೆ ಬೇಗ ಒಳಗೆ ಹೋದೆವು. ಎದುರಿಗೆ ಕಿಲಿಮಂಜಾರೋ. ಬೆಟ್ಟ ಇರುವುದು ಟಾಂಜಾನಿಯಾದಲ್ಲಿ. ಅಲ್ಲಿ ಬಿದ್ದ ಮಳೆನೀರು ನೆಲದೊಳಗೆ ಇಳಿದು ಈ ಕಡೆ ಕೀನ್ಯಾದಲ್ಲಿ ಉಕ್ಕುತ್ತದೆ. ಸುತ್ತ ಎಲ್ಲ ಒಣಗಿ ಬೂದಿಯಂಥ ಧೂಳು ಹಾರುತ್ತಿದ್ದರೂ ಅಂಬೋಸೆಲಿಯ ಜೌಗು ಮಾತ್ರ ಹಸಿರಾಗಿರುವುದು ಅದರಿಂದಲೇ. ಆನೆಗಳು ಇರುವುದೂ ಅದಕ್ಕೇ.

ನಮ್ಮ ಡ್ರೈವರ್ ಮಸಾಯಿ, ಕಿಮಾನಾ ಹತ್ತಿರದ ಊರಿನವರು. ಹತ್ತು ಗಂಟೆ ಹೊತ್ತಿಗೆ ಸುಮ್ನೆ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ಬಲಗಡೆ ಹುಲ್ಲಿನಿಂದ ಒಂದು ಸಲಗ ಬರುತ್ತಿತ್ತು. ಓಡುವುದೂ ಇಲ್ಲ, ಅನುಮಾನವೂ ಇಲ್ಲ. ನೇರ ನಮ್ಮ ಕಡೆಗೇ ಬಂತು. ಎಡಗಡೆ ದಂತ ನೆಲಕ್ಕೆ ಇನ್ನೊಂದು ಗೇಣು ಇದೆ ಅನ್ನುವಷ್ಟು ಉದ್ದ. ಬಲಗಡೆಯದು ಸ್ವಲ್ಪ ಗಿಡ್ಡ, ತುದಿ ಸವೆದು ಮೊಂಡಾಗಿತ್ತು. ಎರಡರ ಮೇಲೂ ಕೆಸರಿನ ಗೆರೆ. ಕಿವಿಯ ಅಂಚಿನಲ್ಲಿ ಅರ್ಧಚಂದ್ರದಂತೆ ಒಂದು ಹರಿದ ಗುರುತು. ಕಣ್ಣು ಮತ್ತು ಕಿವಿಯ ನಡುವೆ ಕಪ್ಪಗೆ ಒದ್ದೆ, ಹಿಂಗಾಲು ಕೂಡ ಒದ್ದೆ. ಮದ ಬಂದಿತ್ತು. ಆ ಘಾಟು ವಾಸನೆ ಗಾಡಿಯೊಳಗೂ ತುಂಬಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದು ನಮ್ಮನ್ನು ತಿರುಗಿಯೂ ನೋಡದೆ ಬಾನೆಟ್ ಮುಂದೆ ಹಾದು ಹೋಯಿತು. ಅಷ್ಟು ದೊಡ್ಡ ದೇಹ, ಹೆಜ್ಜೆಯ ಸದ್ದೇ ಇಲ್ಲ.

ಆಫ್ರಿಕಾದ ಆನೆಗೂ ಮದ ಬರುತ್ತದೆ ಅಂತ ವಿಜ್ಞಾನಿಗಳು ಖಚಿತಪಡಿಸಿಕೊಂಡಿದ್ದು ಇದೇ ಅಂಬೋಸೆಲಿಯಲ್ಲಿ. ನಮ್ಮ ಮಾವುತರಿಗೆ ಏಷ್ಯಾದ ಆನೆಯ ಮದ ತಲೆತಲಾಂತರದಿಂದ ಗೊತ್ತು. ಇಲ್ಲಿನ ಆನೆಗಳದ್ದನ್ನು ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಬರೆದು ಪ್ರಕಟಿಸಿದ್ದು 1981ರಲ್ಲಿ. ಸಿಂಥಿಯಾ ಮಾಸ್ 1972ರಲ್ಲಿ ಶುರು ಮಾಡಿದ ಅಧ್ಯಯನ ಇಂದಿಗೂ ನಡೆಯುತ್ತಿದೆ. ಕಿವಿಯ ಹರಕು ನೋಡಿ ಒಂದೊಂದು ಆನೆಯನ್ನೂ ಗುರುತಿಸುತ್ತಾರೆ. ಅದರ ತಾಯಿ ಯಾರು, ಅಜ್ಜಿ ಯಾರು ಅಂತಲೂ ಹೇಳುತ್ತಾರೆ.

ಸಲಗ ದೂರ ಹೋದ ಮೇಲೆ ಡ್ರೈವರ್ ಬೆಟ್ಟದ ಕಡೆ ಕೈ ತೋರಿಸಿದರು. 'ಮದ ಬಂದಾಗ ಹೆಣ್ಣಾನೆ ಹುಡುಕಿಕೊಂಡು ಆ ಕಡೆಗೂ ಹೋಗುತ್ತವೆ. ಅಲ್ಲಿ ಹೊಡೆಯುತ್ತಾರೆ' ಅಂದರು.

ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿದ ದೇಶ. ಟಾಂಜಾನಿಯಾದಲ್ಲಿ ಹಣ ಕಟ್ಟಿ, ಲೈಸೆನ್ಸ್ ತೆಗೆದುಕೊಂಡು ಆನೆ ಹೊಡೆಯಬಹುದು. ದಂತವನ್ನು ಟ್ರೋಫಿಯಾಗಿ ಮನೆಗೆ ಒಯ್ಯಬಹುದು. ಗಡಿಯಲ್ಲಿ ಬೇಲಿಯಿಲ್ಲ. 1994ರಲ್ಲಿ ಅಂಬೋಸೆಲಿಯ ಕೆಲವು ಸಲಗಗಳು ಆ ಕಡೆ ಬೇಟೆಗಾರರ ಗುಂಡಿಗೆ ಬಿದ್ದಾಗ ದೊಡ್ಡ ಗಲಾಟೆಯಾಯಿತು. ಆಮೇಲೆ ಗಡಿಯ ಹತ್ತಿರ ಹೊಡೆಯುವುದು ಬೇಡ ಅಂತ ಒಂದು ಒಪ್ಪಂದವಾಯಿತು. ಮಾತಿನ ಮೇಲೆ ನಿಂತಿದ್ದ ಆ ಒಪ್ಪಂದ ಸುಮಾರು 30 ವರ್ಷ ನಡೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಮುರಿಯಿತು. ಎಂಡುಯಿಮೆಟ್ ಅನ್ನುವ ಗಡಿ ಪ್ರದೇಶದಲ್ಲಿ ಕೆಲವೇ ತಿಂಗಳಲ್ಲಿ ಐದು ಸಲಗಗಳನ್ನು ಹೊಡೆದರು. ಕಳೇಬರಗಳನ್ನು ಸುಟ್ಟರು ಅಂತಲೂ ವರದಿಯಾಯಿತು. ಸುಟ್ಟ ಮೇಲೆ ಕಿವಿ ನೋಡಿ ಗುರುತಿಸುವುದು ಹೇಗೆ? ಐವತ್ತು ವರ್ಷದ ದಾಖಲೆಯಲ್ಲಿ ಅದು ಯಾವ ಆನೆ ಅಂತ ಹುಡುಕುವುದು ಹೇಗೆ?

ನನಗೆ ತಡೆಯಲಾಗದ ಸಂಕಟ ಆಗಿದ್ದು ಬೇರೆ ಒಂದು ವಿಷಯಕ್ಕೆ. ಆ ಸಲಗ ನಮ್ಮ ಗಾಡಿಗೆ ಹೆದರಲಿಲ್ಲ. ಹುಟ್ಟಿದಾಗಿನಿಂದ ಗಾಡಿ ನೋಡಿದೆ, ಯಾವ ಗಾಡಿಯೂ ಅದಕ್ಕೆ ಏನೂ ಮಾಡಿಲ್ಲ. ನಮ್ಮಂಥವರು ಕ್ಯಾಮೆರಾ ಹಿಡಿದು ಬಂದು ಬಂದು ಕಲಿಸಿದ ನಂಬಿಕೆ ಅದು. ಅದೇ ನಂಬಿಕೆಯಿಂದ ಕೆಲವು ಮೈಲಿ ದಕ್ಷಿಣಕ್ಕೆ ನಡೆದು ಇನ್ನೊಂದು ಗಾಡಿಯ ಮುಂದೆಯೂ ಹೀಗೇ ನಿಲ್ಲುತ್ತದೆ. ಅಲ್ಲಿ ಗಾಡಿಯಲ್ಲಿ ಇರುವುದು ರೈಫಲ್. ಇದನ್ನು ಬೇಟೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೇಗೂ ಮುದಿ ಆನೆ, ಮರಿ ಹಾಕಿಸುವ ಕಾಲ ಮುಗಿದಿದೆ, ಹೊಡೆದರೆ ನಷ್ಟವೇನು ಅಂತ ಬೇಟೆಯ ಪರ ಇರುವವರು ಹೇಳುತ್ತಾರೆ. ಅಂಬೋಸೆಲಿಯ ದಾಖಲೆ ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಗಂಡಾನೆಗೆ ಸರಿಯಾಗಿ ಮದ ಬರುವುದೇ 30ರ ಹತ್ತಿರ. 40 ದಾಟಿದವುಗಳಿಗೇ ಹೆಚ್ಚು ಮರಿಗಳು. ದಂತ ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಒಂದೊಂದು ದಂತ 45 ಕಿಲೋ ಮುಟ್ಟಿದರೆ ಅದನ್ನು ಸೂಪರ್ ಟಸ್ಕರ್ ಅನ್ನುತ್ತಾರೆ. ಅಷ್ಟು ತೂಕ ಬರುವ ಹೊತ್ತಿಗೆ ಸಲಗ ತನ್ನ ಜೀವನದ ಮುಖ್ಯ ಕೆಲಸದಲ್ಲಿರುತ್ತದೆ. ಅದನ್ನೇ ಆರಿಸಿ ಹೊಡೆದರೆ ಉದ್ದ ದಂತದ ತಳಿಯೇ ಹೋಗುತ್ತದೆ. ಎಳೆಯ ಗಂಡುಗಳಿಗೆ ಹೇಳುವವರು ಕೇಳುವವರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಪಿಲಾನ್ಸ್‌ಬರ್ಗ್ ಉದ್ಯಾನದ ಉದಾಹರಣೆ ಇದೆ. 1990ರ ದಶಕದಲ್ಲಿ ಅಲ್ಲಿನ ಅನಾಥ ಪಡ್ಡೆ ಆನೆಗಳು 40ಕ್ಕೂ ಜಾಸ್ತಿ ಘೇಂಡಾಮೃಗಗಳನ್ನು ಕೊಂದವು. ಅದೇ ದೇಶದ ಕ್ರೂಗರ್ ಉದ್ಯಾನದಿಂದ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟ ಮೇಲೆ ಆ ಹಾವಳಿ ನಿಂತಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಡ್ರೈವರ್ ಇನ್ನೊಂದು ಮುಖವನ್ನೂ ಹೇಳಿದರು. ಅವರ ಅಣ್ಣನ ಟೊಮೇಟೊ ತೋಟವನ್ನು ಆನೆಗಳು ಒಂದೇ ರಾತ್ರಿಯಲ್ಲಿ ತುಳಿದು ಹಾಕಿದ್ದವು. ಪರಿಹಾರಕ್ಕೆ ಅರ್ಜಿ ಕೊಟ್ಟು ಇನ್ನೂ ಕಾಯುತ್ತಿದ್ದಾರೆ. ಸಕಲೇಶಪುರದಲ್ಲಿ ನನ್ನ ನೆಂಟರ ಕಾಫಿ ತೋಟವಿದೆ. ಸಂಜೆ ಆದ ಮೇಲೆ ಗೇಟು ದಾಟಲು ಹೆದರುತ್ತಾರೆ. ಹಾಗಾಗಿ ಆ ಮಾತು ನನಗೆ ಹೊಸದಲ್ಲ. ಬೋಟ್ಸ್ವಾನಾದಲ್ಲಿ ಸುಮಾರು 1.3 ಲಕ್ಷ ಆನೆಗಳಿವೆ. 2014ರಲ್ಲಿ ನಿಲ್ಲಿಸಿದ್ದ ಬೇಟೆಯನ್ನು ಅಲ್ಲಿ 2019ರಲ್ಲಿ ಮತ್ತೆ ಶುರು ಮಾಡಿದಾಗ ಎಷ್ಟೋ ಹಳ್ಳಿಯವರು ಒಪ್ಪಿದರು. ನನಗೆ ಬೇಟೆ ಒಪ್ಪಿಗೆಯಿಲ್ಲ. ಆದರೂ ಆ ಹಳ್ಳಿಯವರನ್ನು ಬೈಯಲು ನಾನ್ಯಾರು? ಅಂಬೋಸೆಲಿಯ ಲೆಕ್ಕ ಮಾತ್ರ ಬೇರೆ. ಇಲ್ಲಿ ಇರುವುದೇ ಸುಮಾರು 2,000 ಆನೆ. ಅದರಲ್ಲಿ ಅಷ್ಟುದ್ದ ದಂತದ ಸಲಗಗಳನ್ನು ಬೆರಳಲ್ಲಿ ಎಣಿಸಬಹುದು. ಟೊಮೇಟೊ ತೋಟಕ್ಕೆ ನುಗ್ಗಿದ ಆನೆಗೂ, ಕಾಡಿನಲ್ಲಿ ತನ್ನಪಾಡಿಗೆ ನಡೆಯುವಾಗ ದಂತ ನೋಡಿ ಆರಿಸಿ ಹೊಡೆದ ಆನೆಗೂ ಏನು ಸಂಬಂಧ?

'ಬೇಟೆಯ ಹಣ ನಿಮ್ಮ ಊರಿಗೆ ಬಂದರೆ?' ಅಂತ ಡ್ರೈವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. 'ಹೊಡೆದವನು ಒಂದು ಸಲ ಕೊಡುತ್ತಾನೆ. ಇವತ್ತು ನೋಡಿದೆವಲ್ಲ, ಅದನ್ನು ತೋರಿಸಿಯೇ ನನ್ನ ಮಕ್ಕಳ ಸ್ಕೂಲ್ ಫೀಸ್ ಕಟ್ಟುತ್ತಿದ್ದೇನೆ. ಆದರೆ ಅಣ್ಣನಿಗೆ ಅದರಿಂದ ಏನೂ ಸಿಗುವುದಿಲ್ಲ' ಅಂದರು.

ಅವರ ಅಣ್ಣನಿಗೂ ಏನಾದರೂ ಸಿಗಬೇಕು, ಗಡಿಯ ಆಚೆ ಇರುವ ಮಸಾಯಿ ಹಳ್ಳಿಗೂ ಸಿಗಬೇಕು. ಅದಕ್ಕೆ ನಮ್ಮಂಥ ಪ್ರವಾಸಿಗರ ಟಿಕೆಟ್ ಮೇಲೆ ಇನ್ನಷ್ಟು ಹಾಕಿದರೂ ನಾನು ಖುಷಿಯಿಂದ ಕೊಡುತ್ತೇನೆ. ಮುರಿದ ಒಪ್ಪಂದವನ್ನು ಎರಡೂ ಸರ್ಕಾರಗಳು ಮತ್ತೆ ಮಾಡಿಕೊಳ್ಳಲಿ. ಈ ಸಲ ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಬರೆದು ಸಹಿ ಹಾಕಲಿ.