ಕ್ಷಮಿಸಿದೆ, ರಿಪೋರ್ಟನ್ನೂ ತಿದ್ದಿಸಿದೆ

ಏಸುವನ್ನು ನಂಬಿದವರು ಅನ್ಯಾಯವಾದರೂ ಬಾಯಿ ಮುಚ್ಚಿಕೊಂಡಿರಬೇಕು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನಾನಿದನ್ನು ಒಪ್ಪುವುದಿಲ್ಲ.

ನಾನು ಪೀಣ್ಯದಲ್ಲಿ ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷೀನನ್ನು ಕೆಲಸಕ್ಕೆ ಹೊಂದಿಸುವವನು. ಒಂದು ಸಲ ಬುಷ್‌ಗಳ (ಕೊಳವೆಯಂಥ ಬಿಡಿಭಾಗ) ಇಡೀ ಲಾಟ್ ರಿಜೆಕ್ಟ್ ಆಯಿತು. ಬೋರ್, ಅಂದರೆ ಒಳಗಿನ ತೂತು, ಓವರ್‌ಸೈಜ್. ನೈಟ್ ಶಿಫ್ಟ್‌ನ ಹುಡುಗ ಟೂಲಿಗೆ ಹೊಸ ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಹಾಕಿದ್ದ. ಹಳೇ ಇನ್ಸರ್ಟ್ ಸವೆದಿದ್ದಕ್ಕೆ ಕೊಟ್ಟಿದ್ದ ಆಫ್‌ಸೆಟ್ಟನ್ನು, ಅಂದರೆ ಮಷೀನಿನಲ್ಲಿ ಹಾಕಿದ್ದ ಹೊಂದಾಣಿಕೆ ಅಳತೆಯನ್ನು, ಮಾತ್ರ ಹಾಗೇ ಬಿಟ್ಟಿದ್ದ. ಅದಕ್ಕೇ ತೂತು ದೊಡ್ಡದಾಯಿತು. ಮ್ಯಾನೇಜರ್ ಕೇಳಿದಾಗ, "ಸೆಟ್ಟಿಂಗ್ ಮಾಡಿದ್ದು ಅಣ್ಣ ಸಾರ್" ಅಂದುಬಿಟ್ಟ. ರಿಪೋರ್ಟ್‌ನಲ್ಲಿ ನನ್ನ ಹೆಸರು ಬಂತು. ಟೂಲ್ ಬದಲಿಸಿದ ರಿಜಿಸ್ಟರ್‌ನಲ್ಲಿ ಇದ್ದದ್ದು ಅವನ ಕೈಬರಹ!

ಮೈಯೆಲ್ಲ ಉರಿಯಿತು. ಆ ರಿಜಿಸ್ಟರ್ ತಂದು ಎಲ್ಲರೆದುರು ಬಿಚ್ಚಿಟ್ಟಿದ್ದರೆ ಅವನ ಮರ್ಯಾದೆ ಅಲ್ಲೇ ಹೋಗುತ್ತಿತ್ತು. ಆದರೆ ಬೈಬಲಿನ ಮತ್ತಾಯ 18ನೇ ಅಧ್ಯಾಯದಲ್ಲಿ ಏಸು ಇಟ್ಟ ಕ್ರಮವೇ ಬೇರೆ. ಮೊದಲು ನೀವಿಬ್ಬರೇ ಇರುವಾಗ ಅವನ ತಪ್ಪು ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಸಭೆಗೆ (ಚರ್ಚಿನವರಿಗೆ) ಹೇಳುವುದು ಆಮೇಲೆ. ಹೊತ್ತು ಮುಳುಗುವುದರೊಳಗೆ ಸಿಟ್ಟು ತೀರಲಿ ಅಂತ ಅಪೊಸ್ತಲ ಪೌಲನೂ ಎಫೆಸ ಊರಿನ ಕ್ರೈಸ್ತರಿಗೆ ಬರೆದಿದ್ದಾನೆ. ಹಾಗಾಗಿ ಮರುದಿನಕ್ಕೆ ಇಟ್ಟುಕೊಳ್ಳಲಿಲ್ಲ.

ಗೇಟಿನಾಚೆ ಟೀ ಅಂಗಡಿ ಹತ್ತಿರ ಕೇಳಿದೆ. "ಟೂಲ್ ಬದಲಿಸಿದ್ದು ನೀನು. ನನ್ನ ಹೆಸರು ಯಾಕಪ್ಪಾ ಹೇಳ್ದೆ?"

"ಇನ್ನೂ ಪರ್ಮನೆಂಟ್ ಆಗಿಲ್ಲ ಅಣ್ಣಾ. ಭಯ ಆಯ್ತು."

"ನಾನೂ ಬರ್ತೀನಿ, ಹೋಗಿ ಹೇಳೋಣ ನಡಿ" ಅಂದೆ. ಬಂದ, ಹೇಳಿದ. ನನ್ನ ಹೆಸರು ತೆಗೆಸಿದೆ, ನಿಜವಾದ ಕಾರಣ ಬರೆಸಿದೆ. ಅವನನ್ನು ಕೆಲಸದಿಂದ ತೆಗೆಯಬೇಡಿ ಅಂತಲೂ ಕೇಳಿಕೊಂಡೆ. ನಾನು ಸುಮ್ನೆ ಇದ್ದಿದ್ದರೆ ಮುಂದಿನ ಲಾಟೂ ಹಾಗೇ ಹೋಗುತ್ತಿತ್ತು, ಅಲ್ವಾ?

ಗ್ಲಾಡಿಸ್ ಸ್ಟೇನ್ಸ್ ಅವರ ಮುಂದೆ ನನ್ನದು ಲೆಕ್ಕಕ್ಕೇ ಇಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರ್‌ಪುರದಲ್ಲಿ ಅವರ ಗಂಡ, ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಮತ್ತು ಇಬ್ಬರು ಗಂಡುಮಕ್ಕಳನ್ನು ಜೀಪಿನೊಳಗೇ ಸುಟ್ಟರು. ಆ ತಾಯಿ ಕ್ಷಮಿಸಿದರು. ಕೊಂದವರ ಮೇಲಿನ ಕೇಸು ಮಾತ್ರ ನಿಲ್ಲಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಕ್ಷಮೆಯೂ ನ್ಯಾಯವೂ ಒಂದನ್ನೊಂದು ತಡೆಯಲಿಲ್ಲ.

ನನಗೆ ಕಷ್ಟವಾದದ್ದು ಆಮೇಲೆ. ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದಾಗ, ಏಳೆಪ್ಪತ್ತು ಸಲ ಅಂದರು ಏಸು. ಅಷ್ಟು ಸಲ ಯಾರು ತಪ್ಪು ಮಾಡುತ್ತಾರೆ ಅನ್ನಿಸುತ್ತಿತ್ತು. ಆದರೆ ಆ ಒಂದೇ ತಪ್ಪು ಕ್ಯಾಂಟೀನಿನಲ್ಲಿ, ಇನ್‌ಕ್ರಿಮೆಂಟ್ ಹೊತ್ತಿನಲ್ಲಿ ಮತ್ತೆ ಮತ್ತೆ ನೆನಪಾಗಿ ಸಿಟ್ಟು ಬರುತ್ತದೆ. ಆಗೆಲ್ಲ ಅವನ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಈಗ ಆಫ್‌ಸೆಟ್ ಬದಲಿಸಿದರೆ ರಿಜಿಸ್ಟರ್‌ನಲ್ಲಿ ಇಬ್ಬರೂ ಸಹಿ ಹಾಕುತ್ತೇವೆ.