ಇಳಕಲ್ ಸೆರಗಿನ ಕೆಂಪು ಮತ್ತು ನನ್ನ ಎಲ್‌ಇಡಿ ಬಲ್ಬು

ಇಳಕಲ್‌ನ ನೇಕಾರ ಕಾಕಾ ಒಬ್ಬರ ಮೇಲೆ 12 ನಿಮಿಷದ ಡಾಕ್ಯುಮೆಂಟರಿ ಮಾಡಿದ್ದೇವೆ. ಶೂಟಿಂಗ್ ಗೆಳೆಯನದು. ಕಲರ್ ಗ್ರೇಡಿಂಗ್ (ಶಾಟ್‌ಗಳ ಬಣ್ಣ, ಬೆಳಕು ತಿದ್ದುವ ಕೆಲಸ) ನನ್ನದು, ಅದೂ ಬಾಗಲಕೋಟೆಯ ನನ್ನ ಬಾಡಿಗೆ ರೂಮಿನಲ್ಲಿ, ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನ ಫ್ರೀ ವರ್ಷನ್‌ನಲ್ಲಿ.

ಮೊದಲ ಕಾಪಿ ತೋರಿಸಿದಾಗ ಕಾಕಾ ಎರಡೇ ನಿಮಿಷ ನೋಡಿದರು. "ತಮ್ಮಾ, ಇದು ನಮ್ಮ ಸೀರಿ ಅಲ್ಲ ಬಿಡು. ಪ್ಲಾಸ್ಟಿಕ್ ಬಕೆಟ್ ಕಂಡಂಗ ಕಾಣತೈತಿ."

ಸಿಟ್ಟು ಬಂತು, ನಿಜ. ಆದರೆ ಮನೆಗೆ ಬಂದು ಆರ್‌ಜಿಬಿ ಪೆರೇಡ್ (ಕೆಂಪು, ಹಸಿರು, ನೀಲಿ ಎಷ್ಟೆಷ್ಟಿದೆ ಅಂತ ತೋರಿಸುವ ಗ್ರಾಫ್) ತೆಗೆದು ನೋಡಿದರೆ ಮಾತೇ ಹೊರಡಲಿಲ್ಲ. ಸೆರಗಿನ ಜಾಗದಲ್ಲಿ ಕೆಂಪು ಚಾನೆಲ್ ಮೇಲಿನ ಗೆರೆಗೆ ಹೋಗಿ ಅಂಟಿಕೊಂಡಿತ್ತು, ಹಸಿರು ಮತ್ತು ನೀಲಿ ನೆಲಕ್ಕೆ ಬಿದ್ದಿದ್ದವು. ಹಾಗಾದಾಗ ಎಳೆ, ಮಡಿಕೆ, ರೇಷ್ಮೆಯ ಹೊಳಪು ಏನೂ ಉಳಿಯಲ್ಲ, ಬಣ್ಣ ಬಳಿದ ತಗಡಿನ ಹಾಗೆ ಕಾಣುತ್ತದೆ. ತಪ್ಪು ನಂದೇ. ನೆಟ್‌ನಲ್ಲಿ ಪುಕ್ಕಟೆ ಸಿಕ್ಕ 'ಸಿನಿಮಾ ಲುಕ್' ಲಟ್ (ಬಣ್ಣ ಬದಲಿಸುವ ರೆಡಿಮೇಡ್ ಫೈಲ್) ಹಾಕಿದ್ದೆ. ಅದನ್ನು ಮಾಡಿದ್ದು ಬೇರೆ ಕ್ಯಾಮೆರಾದ ಲಾಗ್‌ಗೆ (ಆಮೇಲೆ ಬಣ್ಣ ತಿದ್ದಲೆಂದೇ ಪೇಲವವಾಗಿ ರೆಕಾರ್ಡ್ ಮಾಡುವ ರೀತಿ), ನಮ್ಮ ಫೂಟೇಜ್‌ನ ಲಾಗ್ ಬೇರೆ. ಎರಡಕ್ಕೂ ಎಲ್ಲಿಂದ ಎಲ್ಲಿಯ ಸಂಬಂಧ?

ಲಟ್ ಕಿತ್ತು ಹಾಕಿದೆ. ನಮ್ಮ ಕ್ಯಾಮೆರಾದ ಲಾಗ್‌ನಿಂದ ಎಚ್‌ಡಿ ವಿಡಿಯೋದ ಬಣ್ಣದ ಮಾನದಂಡವಾದ ರೆಕ್ 709ಕ್ಕೆ ಸರಿಯಾಗಿ ಕನ್ವರ್ಟ್ ಮಾಡಿ, ಕೆಂಪನ್ನು ಮಾತ್ರ ಹಿಡಿದು ಸ್ವಲ್ಪ ಸ್ಯಾಚುರೇಶನ್ (ಬಣ್ಣದ ತೀವ್ರತೆ) ಇಳಿಸಿ, ಸ್ವಲ್ಪ ಕತ್ತಲೆ ಮಾಡಿದೆ. ಕೆಂಪು ಗಾಢ ಕಾಣಬೇಕು ಅಂದರೆ ಸ್ಯಾಚುರೇಶನ್ ಏರಿಸಬೇಕು ಅಂತ ಹೊಸಬರೆಲ್ಲ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಬೆಳಕು ಇಳಿಸಿದಾಗಲೇ ಅದಕ್ಕೆ ತೂಕ ಬರುವುದು. ಲಾಗ್‌ನಲ್ಲಿ ಮಾಹಿತಿ ಇತ್ತು, ಪುಣ್ಯಕ್ಕೆ ಎಳೆಗಳು ವಾಪಸ್ ಬಂದವು. ವೈಟ್ ಬ್ಯಾಲೆನ್ಸ್‌ಗೆ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಮಾಡುವುದಕ್ಕೆ) ಸೆರಗಿನ ತೋಪು ತೆನೆ ವಿನ್ಯಾಸದ ಬಿಳಿಯನ್ನೇ ಹಿಡಿದೆ. ಹೊಸ ಸೀರೆ, ಬಿಳಿ ಬಿಳಿಯಾಗೇ ಇತ್ತು. ಅಲ್ಲಿ ಮೂರೂ ಚಾನೆಲ್ ಸಮಕ್ಕೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ಅಮ್ಮನ ಇಳಕಲ್ ಸೀರೆ ತಂದು ಮಾನಿಟರ್ ಪಕ್ಕ ಇಟ್ಟು ಹೋಲಿಸಿದೆ. ಸೀರೆಯೇ ಕಂದು ಕಾಣಬೇಕೇ! ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಗ ರೂಮಿನ ಎಲ್‌ಇಡಿ ಬಲ್ಬಿನ ಮೇಲೆ ಅನುಮಾನ ಬಂತು. ಡಬ್ಬಿಯ ಮೇಲೆ ಸಿಆರ್‌ಐ (ಬೆಳಕಲ್ಲಿ ಬಣ್ಣ ಎಷ್ಟು ಸಹಜ ಕಾಣುತ್ತದೆ ಅನ್ನುವ ಅಂಕ) 80 ಅಂತ ಬರೆದಿರುತ್ತದಲ್ಲ, ಅದು 8 ಮೆದು ಬಣ್ಣಗಳ ಸರಾಸರಿ ಅಷ್ಟೇ. ಗಾಢ ಕೆಂಪನ್ನು ಅಳೆಯುವುದು ಆರ್9, ಅದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಗಾಗಿ ಸಿಆರ್‌ಐ 80 ಇದ್ದರೂ ಅಗ್ಗದ ಎಲ್‌ಇಡಿ ಕೆಳಗೆ ಕೆಂಪು ಬಟ್ಟೆ ಸತ್ತ ಹಾಗೆ ಕಾಣಬಹುದು. ಬೆಳಿಗ್ಗೆ ಹೊಸ್ತಿಲಿಗೆ ಸೀರೆ ಒಯ್ದು, ಬಿಸಿಲು ತಾಗದ ನೆರಳಲ್ಲಿ ಹರವಿ ನೋಡಿದೆ. ಅಬ್ಬಾ, ಇದು ಕೆಂಪು.

ಅಂಥ ಬಲ್ಬಿನ ಕೆಳಗೆ ಎರಡು ವರ್ಷ ಮದುವೆ ವಿಡಿಯೋಗಳ ಸೀರೆ ಬಣ್ಣ ಸರಿ ಮಾಡಿದ್ದೇನೆ. ಆ ವಿಷಯ ಇಲ್ಲಿಗೇ ಬಿಡೋಣ.

ಎರಡನೇ ಕಾಪಿ ಒಯ್ಯುವಾಗ ಲ್ಯಾಪ್‌ಟಾಪ್ ಜೊತೆ ನನ್ನ ಫೋನನ್ನೂ ತೋರಿಸಿದೆ, ಜನ ನೋಡುವುದು ಅದರಲ್ಲೇ ಅಲ್ವಾ. ಬಣ್ಣ ಏರಿಸಿ ತೋರಿಸುವ ವಿವಿಡ್ ಮೋಡ್ ಆಫ್ ಮಾಡಿದ್ದೆ, ಇಲ್ಲದಿದ್ದರೆ ಮತ್ತೆ ಬಕೆಟ್ ಬರುತ್ತಿತ್ತು. ಕಾಕಾ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಹ್ಞಾಂ, ಈಗ ಸೆರಗು ನಮ್ದ ಐತಿ. ಆದ್ರ ಮಗ್ಗದ ಹಿಂದಿನ ಗ್ವಾಡಿ ಯಾಕೋ ಹಸರಗಾಗೇತಿ?"

ಬಾಗಿಲ ಬೆಳಕು ಒಂದು ಕಡೆ, ಟ್ಯೂಬ್‌ಲೈಟ್ ಒಂದು ಕಡೆ ಬಿದ್ದ ಶಾಟ್ ಅದು, ಎರಡು ಬೆಳಕಿನ ಬಣ್ಣ ಬೇರೆ ಬೇರೆ. ನೋಡಿದ್ದೆ, ಯಾರಿಗೂ ಗೊತ್ತಾಗಲ್ಲ ಅಂತ ಬಿಟ್ಟಿದ್ದೆ. ಇವತ್ತು ರಾತ್ರಿ ಅದೇ ಕೆಲಸ.