ಡೆನ್ವರ್‌ನಿಂದ ಮೋಆಬ್‌ಗೆ: ಜನವರಿಯ ದಾರಿಯಲ್ಲಿ ಮೋಟರ್‌ಹೋಮಿನ ಕೊಳೆನೀರು

ಕೊಲರಾಡೊದ ಡೆನ್ವರ್‌ನಿಂದ ಯೂಟಾದ ಮೋಆಬ್‌ಗೆ ಐ-70 ಹೆದ್ದಾರಿಯಲ್ಲಿ ಸುಮಾರು 570 ಕಿ.ಮೀ. ಬೇಸಿಗೆಯಲ್ಲಾದರೆ ಒಂದು ಹಗಲಿನ ದಾರಿ. ಜನವರಿಯಲ್ಲಿ ಹಿಮ ಬಿದ್ದು ರಸ್ತೆ ನಿಧಾನವಾದರೆ ಒಂದು ರಾತ್ರಿ ರಾಕಿ ಪರ್ವತಗಳ ಮೇಲೆಯೇ ಕಳೆಯಬೇಕಾಗುತ್ತದೆ. ಆ ರಾತ್ರಿ ಮೋಟರ್‌ಹೋಮ್‌ನಲ್ಲಿ (ಮಲಗಲು, ಅಡುಗೆಗೆ, ಶೌಚಕ್ಕೆ ಅನುಕೂಲವಿರುವ ಮನೆಯಂಥ ಗಾಡಿ) ಹೆಚ್ಚು ತೊಂದರೆ ಕೊಡುವುದು ನೆಲದಡಿಯ ಎರಡು ಟ್ಯಾಂಕುಗಳು: ಸಿಂಕ್ ಮತ್ತು ಷವರ್ ನೀರು ಸೇರುವ ಗ್ರೇ ಟ್ಯಾಂಕ್, ಶೌಚದ ಬ್ಲ್ಯಾಕ್ ಟ್ಯಾಂಕ್. ಕುಡಿಯುವ ನೀರಿನ ಟ್ಯಾಂಕ್ ಎಷ್ಟೋ ಗಾಡಿಗಳಲ್ಲಿ ಮಂಚದಡಿ ಬೆಚ್ಚಗಿರುತ್ತದೆ. ಇವೆರಡು ಗಾಳಿಗೆ ಹತ್ತಿರ.

ಸಿದ್ಧತೆ ಡೆನ್ವರ್‌ನಲ್ಲೇ ಮುಗಿಯಬೇಕು. ಎರಡೂ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ವಾಲ್ವ್ ಮುಚ್ಚಿ, ಒಂದೊಂದಕ್ಕೂ 2 ಲೀಟರಿನಷ್ಟು ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ (ಇಂಥ ಗಾಡಿಗಳಿಗೆಂದೇ ಇರುವ, ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ಸುರಿಯಿರಿ. ಷವರ್ ಮತ್ತು ಸಿಂಕ್‌ಗಳ ಪಿ-ಟ್ರ್ಯಾಪ್‌ಗಳಿಗೆ (ವಾಸನೆ ಮೇಲೆ ಬರದಂತೆ ನೀರು ನಿಲ್ಲಿಸುವ ಬಾಗಿದ ಪೈಪು) ತಲಾ ಒಂದು ಲೋಟ. ಇದು ಪ್ರೊಪಿಲೀನ್ ಗ್ಲೈಕಾಲ್. ಬಾಟಲಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ −50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ −46 ಸೆಲ್ಸಿಯಸ್, ಪೈಪ್ ಒಡೆಯದೆ ಉಳಿಯುವ ಮಿತಿ; ಅದೂ ಒಂದು ಹನಿ ನೀರೂ ಬೆರೆಯದಿದ್ದರೆ. ದ್ರವ ಮಾತ್ರ ಸುಮಾರು −11 ಸೆಲ್ಸಿಯಸ್‌ಗೇ ಮಂದವಾಗಿ ಹರಳುಗಟ್ಟಲು ತೊಡಗುತ್ತದೆ. ಹಾಗಾಗಿ 100 ಲೀಟರ್ ಕೊಳೆನೀರಿಗೆ ಒಂದು ಕ್ಯಾನ್ ಸುರಿದು ಧೈರ್ಯವಾಗಿ ಮಲಗುವುದು ದುಡ್ಡು ದಂಡ. ಅದರ ಜಾಗ ಖಾಲಿ ಟ್ಯಾಂಕಿನ ತಳ, ವಾಲ್ವಿನ ಬಾಯಿ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಮುಟ್ಟಲೇಬೇಡಿ. ಉಪ್ಪೂ ಬೇಡ, ಲೋಹದ ಭಾಗಗಳನ್ನು ತಿನ್ನುತ್ತದೆ.

ಡೆನ್ವರ್‌ನಿಂದ ಸುಮಾರು 95 ಕಿ.ಮೀ. ಏರಿದರೆ ಐಸನ್‌ಹವರ್ ಸುರಂಗ, ಎತ್ತರ 3,400 ಮೀಟರ್. ಗಾಡಿ ಓಡುವಾಗ ಬಡಿಯುವ ಗಾಳಿ ಟ್ಯಾಂಕನ್ನು ಹೊರಗಿನ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು, ಆದರೆ ಬಿಸಿಯನ್ನು ಬಹಳ ಬೇಗ ಕಸಿಯುತ್ತದೆ. ಟ್ಯಾಂಕಿನ ತಳಕ್ಕೆ ಅಂಟಿಸಿದ 12 ವೋಲ್ಟ್ ಹೀಟಿಂಗ್ ಪ್ಯಾಡ್ ಇದ್ದರೆ ಈ ಏರಿನಲ್ಲೇ ಹಾಕಿಬಿಡಿ, ಎಂಜಿನ್ನಿನ ಆಲ್ಟರ್ನೇಟರ್ ಅದರ ಹೊರೆ ಹೊರುತ್ತದೆ. ಸಾಮಾನ್ಯ ಪ್ಯಾಡ್ 7ರಿಂದ 8 ಆಂಪ್ಸ್ ಎಳೆಯುತ್ತದೆ, ಸುಮಾರು 7 ಸೆಲ್ಸಿಯಸ್‌ಗೆ ತಾನೇ ಹತ್ತಿ 18ಕ್ಕೆ ಆರುತ್ತದೆ. ಒಣ ಟ್ಯಾಂಕಿನಡಿ ಹಾಕಬಾರದು.

ಇಲ್ಲಿ ಒಂದು ಲೆಕ್ಕ ತಿಳಿದಿರಲೇಬೇಕು. 5 ಡಿಗ್ರಿಯ 100 ಲೀಟರ್ ನೀರು ಸೊನ್ನೆಗೆ ಇಳಿಯುವಾಗ ಬಿಡುವ ಶಾಖ 0.6 ಯೂನಿಟ್ ವಿದ್ಯುತ್ತಿಗೆ ಸಮ. ಅದೇ ನೀರು ಸೊನ್ನೆಯಲ್ಲಿ ಪೂರ್ತಿ ಗಟ್ಟಿಯಾದರೆ, ಕರಗಿಸಲು 9.3 ಯೂನಿಟ್ ಬೇಕು. 90 ವಾಟ್ ಪ್ಯಾಡ್ ಒಂದಿಷ್ಟೂ ಬಿಸಿ ಪೋಲಾಗದೆ ಉರಿದರೂ ನಾಲ್ಕು ದಿನ ದಾಟುತ್ತದೆ. ಪ್ಯಾಡ್ ಕಾಯಬಲ್ಲದು, ಕರಗಿಸಲಾರದು. ಸಂಜೆ ಮರೆತು ಬೆಳಿಗ್ಗೆ ಸ್ವಿಚ್ ಒತ್ತಿದರೆ ಪ್ರಯೋಜನವಿಲ್ಲ.

ಸುರಂಗ ದಾಟಿ ಇಳಿದರೆ ಡಿಲನ್, 2,780 ಮೀಟರ್. ಜನವರಿಯ ರಾತ್ರಿ −18 ಆಸುಪಾಸು ಇಲ್ಲಿ ಮಾಮೂಲು. ಎರಡು ಪ್ಯಾಡ್ ಒಟ್ಟಿಗೆ ಉರಿದರೆ 15 ಆಂಪ್ಸ್. 100 ಆಂಪ್-ಅವರ್ ಲೆಡ್-ಆಸಿಡ್ ಬ್ಯಾಟರಿಯಿಂದ ಬಳಸಬಹುದಾದ ಅರ್ಧ ಭಾಗ ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಆದ್ದರಿಂದ ಇಲ್ಲಿ ಕರೆಂಟ್ ಸಿಗುವ ಕ್ಯಾಂಪ್‌ಸೈಟ್ ಹಿಡಿಯುವುದೇ ಸರಿ.

ಆದರೆ ಕರೆಂಟ್ ಸಿಕ್ಕಿತೆಂದು ಒಳಗೆ ಎಲೆಕ್ಟ್ರಿಕ್ ಹೀಟರ್ ಇಟ್ಟು ಗ್ಯಾಸ್ ಉಳಿಸಲು ಹೋದರೇ ಕೆಡುವುದು. ತಳ ಮುಚ್ಚಿದ ಗಾಡಿಗಳಲ್ಲಿ ಟ್ಯಾಂಕುಗಳಿಗೆ ಬಿಸಿಗಾಳಿ ಬರುವುದು ಪ್ರೊಪೇನ್ ಫರ್ನೇಸಿನ ಡಕ್ಟ್‌ನಿಂದ. ಕೋಣೆ ಹೀಟರಿನಿಂದ ಬೆಚ್ಚಗಾದರೆ ಥರ್ಮೋಸ್ಟಾಟ್ ಫರ್ನೇಸನ್ನು ಎಬ್ಬಿಸುವುದಿಲ್ಲ. ಮೇಲೆ ಮಕ್ಕಳು ಹಾಯಾಗಿ ಮಲಗಿರುತ್ತಾರೆ, ಕೆಳಗೆ ಗ್ರೇ ಟ್ಯಾಂಕ್ ಕಲ್ಲಾಗುತ್ತಿರುತ್ತದೆ. ಫರ್ನೇಸೇ ಓಡಲಿ. 9 ಕೆ.ಜಿ. ಪ್ರೊಪೇನ್ ಗಂಟೆಗೆ 30,000 ಬಿಟಿಯು (ಶಾಖದ ಅಳತೆ) ಫರ್ನೇಸಿಗೆ ಬಿಡದೆ ಉರಿದರೆ 14 ಗಂಟೆ ಬರುತ್ತದೆ. ಏರು ಹತ್ತುವ ಮೊದಲೇ ಗ್ಯಾಸ್ ತುಂಬಿಸಿ.

ಇಷ್ಟಾದರೂ ಮೊದಲು ಸಿಕ್ಕಿಬೀಳುವುದು ಗೇಟ್ ವಾಲ್ವ್, ಅಂದರೆ ಹಿಡಿ ಎಳೆದಾಗ ತಗಡು ಸರಿದು ಟ್ಯಾಂಕಿನ ಬಾಯಿ ತೆರೆಯುವ ವಾಲ್ವ್. ಟ್ಯಾಂಕಿನಲ್ಲಿ ನೀರು ಜಾಸ್ತಿ, ತಣಿಯಲು ಹೊತ್ತು ಬೇಕು. ವಾಲ್ವಿನ ಸಂದಿಯಲ್ಲೂ ಮೂರು ಇಂಚಿನ ಪೈಪಿನಲ್ಲೂ ನಿಲ್ಲುವುದು ಸ್ವಲ್ಪವೇ ನೀರು, ಅದು ಬೇಗ ಹೆಪ್ಪುಗಟ್ಟುತ್ತದೆ. ಪ್ಯಾಡಿನ ಬಿಸಿ ಅಲ್ಲಿಗೆ ತಲುಪದು; ಪೈಪಿಗೆ ಬೇರೆಯೇ ಹೀಟ್ ಟೇಪ್ (ಕರೆಂಟಿನಿಂದ ಬಿಸಿಯಾಗುವ ಪಟ್ಟಿ) ಸುತ್ತಿ, ಮೇಲೆ ಫೋಮ್ ಹೊದಿಸಬೇಕು. ಬೆಳಿಗ್ಗೆ ಹಿಡಿ ಅಲುಗದಿದ್ದರೆ ಜಗ್ಗಬೇಡಿ: ಒಳಗಿನ ತಗಡು ಅಲ್ಲೇ ಉಳಿದು ಕಂಬಿ ಕೈಗೆ ಬರುತ್ತದೆ. ಕೈ ತಾಳುವಷ್ಟು ಬಿಸಿಯಾದ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಅಥವಾ ಹೇರ್ ಡ್ರೈಯರ್ ಹಿಡಿದು ಕಾಯಿರಿ. ಬೆಂಕಿಯ ಜ್ವಾಲೆ ಸಲ್ಲದು, ಪೈಪ್ ಪ್ಲಾಸ್ಟಿಕ್ಕಿನದು.

ನಮ್ಮ ಅಡುಗೆ ಮಾಡುವವರು ಇನ್ನೊಂದನ್ನೂ ಗಮನಿಸಬೇಕು. ಒಗ್ಗರಣೆಯ ಎಣ್ಣೆ, ತುಪ್ಪ ತಣ್ಣನೆಯ ಪೈಪಿನಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿ ಅನ್ನದಗುಳನ್ನು ಹಿಡಿದುಕೊಳ್ಳುತ್ತವೆ. ತಟ್ಟೆ, ಬಾಣಲೆಗಳನ್ನು ಪೇಪರ್ ಟವೆಲ್‌ನಲ್ಲಿ ಚೆನ್ನಾಗಿ ಒರೆಸಿ ಆಮೇಲೆ ತೊಳೆಯಿರಿ.

ಮುಂದೆ ವೇಲ್ ಪಾಸ್, ಆಮೇಲೆ ಗ್ಲೆನ್‌ವುಡ್ ಕಣಿವೆಯಲ್ಲಿ ಕೊಲರಾಡೊ ನದಿಯ ಪಕ್ಕದಲ್ಲೇ ಇಳಿಜಾರು. ಗ್ರ್ಯಾಂಡ್ ಜಂಕ್ಷನ್ 1,400 ಮೀಟರಿಗೆ ಬರುವಷ್ಟರಲ್ಲಿ ಚಳಿ ಹದವಾಗಿರುತ್ತದೆ, ಟ್ಯಾಂಕ್ ಖಾಲಿ ಮಾಡಲು ಮಧ್ಯಾಹ್ನವೇ ಒಳ್ಳೆಯದು. ಚಳಿಗಾಲದಲ್ಲಿ ಹಲವು ಡಂಪ್ ಸ್ಟೇಷನ್‌ಗಳು (ಟ್ಯಾಂಕಿನ ಕೊಳೆ ಖಾಲಿ ಮಾಡುವ ಜಾಗಗಳು) ನೀರಿನ ನಲ್ಲಿ ನಿಲ್ಲಿಸಿರುತ್ತವೆ, ಕೆಲವು ಪೂರ್ತಿ ಮುಚ್ಚಿರುತ್ತವೆ. ಮೊದಲೇ ಫೋನ್ ಮಾಡಿ, ತೊಳೆಯಲು 10 ಲೀಟರ್ ನೀರು ಒಳಗೇ ಇಟ್ಟುಕೊಳ್ಳಿ. ಮೊದಲು ಬ್ಲ್ಯಾಕ್, ನಂತರ ಗ್ರೇ. ಕೊನೆಗೆ ತಲಾ ಒಂದು ಲೀಟರ್ ಆಂಟಿಫ್ರೀಜ್.

ಮೋಆಬ್‌ನಲ್ಲಿ ಹಗಲು ಸೊನ್ನೆಯ ಮೇಲೆ, ರಾತ್ರಿ ಕೆಳಗೆ. ಒಳಚರಂಡಿ ಸಂಪರ್ಕವಿರುವ ಜಾಗ ಸಿಕ್ಕಾಗ ಗ್ರೇ ವಾಲ್ವ್ ತೆರೆದೇ ಇಡುವ ಆಸೆ ಸಹಜ. ತೊಟ್ಟಿಕ್ಕುವ ನೀರು ಮೆದುಗೊಳವೆಯಲ್ಲಿ ಪದರ ಪದರವಾಗಿ ಹೆಪ್ಪುಗಟ್ಟಿ ಬೆಳಗಾಗುವುದರೊಳಗೆ ದಾರಿ ಮುಚ್ಚುತ್ತದೆ. ವಾಲ್ವ್ ಮುಚ್ಚಿರಲಿ. ಮುಕ್ಕಾಲು ತುಂಬಿದಾಗ ಒಮ್ಮೆಗೇ ಜೋರಾಗಿ ಬಿಟ್ಟು, ಕೊಳವೆಯನ್ನು ಎತ್ತಿ ಬಸಿದು, ಬಿಚ್ಚಿ, ಮುಚ್ಚಳ ಬಿಗಿದು ಡಿಕ್ಕಿಯೊಳಗಿಡಿ. ಚಳಿಗೆ ಸೆಡೆತ ಕೊಳವೆಯನ್ನು ಎಳೆದು ಬಗ್ಗಿಸಿದರೆ ಸೀಳುತ್ತದೆ.